ಪುಟಾಣಿಯ ಏಕಾದಶಿ

ಸತ್ತ ಮೊಲದ ಬಾಯಿಗೆ ನಮ್ಮ ಅತ್ತೆ ತುಳಸೀದಳ ಅದ್ದಿದ ನೀರು ಬಿಟ್ಟರು. ಅದೇ ನೀರನ್ನು ಎಂಟು ತಾಸು ಮೊದಲು ಬಿಟ್ಟಿದ್ದರೆ ಅದು ಸಾಯುತ್ತಲೇ ಇರಲಿಲ್ಲ. ಈ ಮಾತನ್ನು ಆಗಲೇ, ಅಲ್ಲೇ, ಎಲ್ಲರ ಮುಂದೆ ಹೇಳಬೇಕಿತ್ತು. ಹೇಳಲಿಲ್ಲ. ಹದಿನೈದು ದಿನ ನುಂಗಿಕೊಂಡು ಕೂತೆ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅರ್ಧ ಅತ್ತೆಯ ಮೇಲೆ. ಮಿಕ್ಕರ್ಧ ಯಾರ ಮೇಲೆ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅದು ಎಂಬತ್ತೈದನೆಯ ಇಸವಿ. ಮೆಹದಿಪಟ್ಟಣಂನಲ್ಲಿ, ಬಸ್ಸಿನ ಗದ್ದಲ ಕೇಳಿಸುವಷ್ಟೇ ದೂರದ ಒಂದು ಕಾಲನಿಯಲ್ಲಿ ನಮ್ಮ ಮನೆ. ಮನೆಯವರು ಜಯತೀರ್ಥ, ಸರಕಾರಿ ಕಚೇರಿಯಲ್ಲಿ ನೌಕರಿ. ನಾನು ನಲಿನಿ, ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯೊಂದರಲ್ಲಿ ಟೀಚರು. ಅತ್ತೆ ತುಳಸಾಬಾಯಿ. ಒಬ್ಬಳೇ ಮಗಳು ವಿಶಾಲಾಕ್ಷಿ, ಆರು ತುಂಬಿ ಏಳರಲ್ಲಿ ಬಿದ್ದಿದ್ದಳು.

ಯುಗಾದಿಗೆ ಮುಂಚೆ ಇವರು ಚಾರ್ಮಿನಾರ್ ಕಡೆ ಹೋದವರು ಪಕ್ಷಿ, ಪ್ರಾಣಿ ಮಾರುವ ಮುರ್ಗಿಚೌಕದಿಂದ ಎರಡು ಮೊಲದ ಮರಿ ತಂದುಬಿಟ್ಟರು. ಒಂದು ಬಿಳಿ, ಒಂದು ಕಂದು. ವಿಶಾಲಿ ಆ ದಿನವೇ ಹೆಸರಿಟ್ಟಳು. ಬಿಳಿಯದು ಪುಟಾಣಿ, ಕಂದು ಶೇಂಗಾ. ಅತ್ತೆ ಮೊದಲು ಮೂಗು ಮುರಿದರು. ಮಡಿ ಮನೆಯಲ್ಲಿ ಇದೇನು ಜಂಜಾಟ ಅಂದರು. ಎರಡು ದಿನ ದೂರದಿಂದ ನೋಡಿದ ಮೇಲೆ ಅವರ ಮುಖ ಅರಳಿತು.

"ಬರೇ ಸೊಪ್ಪು ತಿಂತಾವ ನೋಡು. ಉಳ್ಳಾಗಡ್ಡಿ ಸುದ್ದಾ ಮೂಸಂಗಿಲ್ಲ. ನಮ್ಮ ಮಂದೀನ ಇವು" ಅಂದರು. ಅಂದಿನಿಂದ ಮೊಲಗಳಿಗೆ ಮನೆಯಲ್ಲಿ ಪರವಾನಗಿ ಸಿಕ್ಕಿತು. ಹಿಂದಿನ ಜಗಲಿಯಲ್ಲಿ, ಸಿಮೆಂಟ್ ಶೀಟಿನ ಕೆಳಗೆ ಅವುಗಳ ಗೂಡಿಗೆ ಒಂದು ಪಿಂಜ್ರಾ ಇಟ್ಟೆವು.

ಇನ್ನು ನನ್ನ ವಿದ್ಯೆ ಶುರುವಾಯಿತು. ಮಗಳಿಗೆ ಜವಾಬ್ದಾರಿ ಕಲಿಸಬೇಕಲ್ಲ, ನಾನು ಟೀಚರಲ್ಲವೇ. ದಪ್ಪ ಕಾಗದದ ಒಂದು ಕಾರ್ಡು ಮಾಡಿದೆ. ಮುಂಜಾನೆ ನೀರು, ಮುಂಜಾನೆ ಸೊಪ್ಪು, ಸಂಜೆ ಕಸ, ಸಂಜೆ ನೀರು ಮತ್ತು ಸೊಪ್ಪು. ದಿನಕ್ಕೆ ನಾಲ್ಕು ಚೌಕ. ಕೆಲಸ ಮಾಡಿ ವಿಶಾಲಿ ಚೌಕದಲ್ಲಿ ಗುರುತು ಹಾಕಬೇಕು. ಅದನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿ ಮನೆಮಂದಿಗೆಲ್ಲ ಕಟ್ಟುನಿಟ್ಟು ಮಾಡಿದೆ, ಈ ಮೊಲ ವಿಶಾಲಿಯ ಜವಾಬ್ದಾರಿ, ಬೇರೆ ಯಾರೂ ಕೈ ಹಚ್ಚಕೂಡದು. ಒಂದು ದಿನ ಬಟ್ಟಲು ಬರಿದಾಗಿದೆ ಎಂದು ಇವರು ನೀರು ತುಂಬಿದ್ದಕ್ಕೆ ಎಷ್ಟು ಬೈದೆನೆಂದರೆ, ಅವರು ಮತ್ತೆ ಪಿಂಜ್ರಾದ ಕಡೆ ಸುಳಿಯಲಿಲ್ಲ.

"ನೀವ ಹಾಕಿದ್ರ ಆಕಿ ಯಾವಾಗ ಕಲೀಬೇಕು?" ಅಂದಿದ್ದೆ.

"ಆತು ತಾಯಿ, ನಿನ್ನ ಸಾಲಿ, ನಿನ್ನ ಕಾಯ್ದೆ" ಅಂದಿದ್ದರು ಅವರು.

ವಿಶಾಲಿ ಕಲಿತಳು. ಸುಳ್ಳೇಕೆ, ದೊಡ್ಡವರಿಗಿಂತ ಚೆನ್ನಾಗಿ ಮಾಡಿದಳು. ಕಾಯಿಪಲ್ಯದ ಬಂಡಿ ಬಂದ ಕೂಡಲೇ ಓಡಿಹೋಗಿ ಗಜ್ಜರಿಯ ಎಲೆ ಕೇಳಿ ತರುತ್ತಿದ್ದಳು. ಬಟ್ಟಲನ್ನು ದಿನಾ ತಿಕ್ಕುತ್ತಿದ್ದಳು. ಕಾರ್ಡಿನಲ್ಲಿ ಒಂದು ಚೌಕವೂ ಖಾಲಿ ಇಲ್ಲ. ನಾನು ರಾತ್ರಿ ಊಟಕ್ಕೆ ಮುಂಚೆ ಕಾರ್ಡು ನೋಡುತ್ತಿದ್ದೆ, ನಾಲ್ಕು ಗುರುತು ಕಂಡರೆ ಮಗಳ ತಲೆ ಸವರುತ್ತಿದ್ದೆ. ಪಿಂಜ್ರಾದ ಹತ್ತಿರ ಹೋಗಿ ನೋಡುವ ಅಭ್ಯಾಸ ತಾನಾಗಿಯೇ ತಪ್ಪಿಹೋಯಿತು. ಕಾರ್ಡು ಇತ್ತಲ್ಲ.

ಮೇ ತಿಂಗಳಲ್ಲಿ ನಮಗೆ ತಾರ್ನಾಕದಲ್ಲಿ ಟೀಚರುಗಳ ತರಬೇತಿ ಹಾಕಿದರು. ಹೊಸ ಪಠ್ಯದಲ್ಲಿ ಸಾಕುಪ್ರಾಣಿಗಳ ಪಾಠ ಬಂದಿತ್ತು. ಅದನ್ನು ಮಕ್ಕಳಿಗೆ ಹೇಗೆ ಹೇಳಿಕೊಡಬೇಕು ಎಂದು ಒಬ್ಬೊಬ್ಬರೂ ಒಂದು ಮಾದರಿ ಪಾಠ ಮಾಡಿ ತೋರಿಸಬೇಕು. ನನ್ನ ಪಾಳಿ ಬಂದದ್ದು ಶುಕ್ರವಾರ. ಅವತ್ತೇ ಏಕಾದಶಿ.

ನಮ್ಮ ಮನೆಯ ಏಕಾದಶಿ ಎಂದರೆ ಬಾಯಿಗೆ ಹನಿ ನೀರು ಬೀಳದ ಏಕಾದಶಿ. ಹಿಂದಿನ ದಿನ ದಶಮಿ, ಮಧ್ಯಾಹ್ನ ಒಂದು ಹೊತ್ತಿನ ಊಟ. ಅದಾದ ಮೇಲೆ ದ್ವಾದಶಿಯ ಬೆಳಗಿನ ಪಾರಣೆಯವರೆಗೆ ಏನೂ ಇಲ್ಲ. ಅತ್ತೆ ಐವತ್ತು ವರ್ಷದಿಂದ ಮಾಡುತ್ತಿದ್ದರು, ನಾನು ಮದುವೆಯಾದಂದಿನಿಂದ. ದಶಮಿಯ ಸಂಜೆ ವಿಶಾಲಿ ಅಜ್ಜಿಯ ಸೆರಗು ಹಿಡಿದು ಕೂತಳು.

"ನಾಳೆ ನಾನೂ ಏಕಾದಶಿ ಮಾಡ್ತೀನಿ ಅಜ್ಜಿ."

"ಎಂಟು ವರ್ಷ ಆಗೋತನಕ ಮಕ್ಕಳಿಗೆ ಇಲ್ಲವಾ. ಶಾಸ್ತ್ರದಾಗ ಹಂಗ ಹೇಳ್ಯದ. ಎಂಬತ್ತು ದಾಟಿದವರಿಗೂ ಇಲ್ಲ."

"ಮತ್ತ ನನಗ ಪುಣ್ಯ ಹೆಂಗ ಬರಬೇಕು?"

"ದೊಡ್ಡಾಕಿ ಆಗು, ಬರ್ತದ."

"ಪುಟಾಣಿ, ಶೇಂಗಾ ಮಾಡಬಹುದೇನು?"

ಅತ್ತೆ ನಕ್ಕರು. "ಯಾಕಾಗಬಾರದು? ಮಾಡಿದ್ರ ಅವಕ್ಕೂ ಪುಣ್ಯ, ಮಾಡಿಸಿದವರಿಗೂ ಪುಣ್ಯ."

ನಾನು ಅಲ್ಲೇ ಕೂತು ಮರುದಿನದ ಪಾಠಕ್ಕೆ ಚಿತ್ರಗಳಿಗೆ ಬಣ್ಣ ತುಂಬುತ್ತಿದ್ದೆ. ಈ ಮಾತು ನನ್ನ ಕಿವಿಗೆ ಬಿದ್ದಿತ್ತು. ಬಿದ್ದಿತ್ತು ಮಾತ್ರವಲ್ಲ, ನಾನೂ ನಕ್ಕಿದ್ದೆ. ಆರು ವರ್ಷದ ಕೂಸಿನ ಮುಂದೆ ಪುಣ್ಯದ ಹಾಸ್ಯ ಮಾಡಿ ಎದ್ದುಹೋಗುವವರು ಎಂಥ ದೊಡ್ಡವರು? ಮಕ್ಕಳು ಹಾಸ್ಯವನ್ನು ನಗಲಿಕ್ಕೆ ಇಟ್ಟುಕೊಳ್ಳುವುದಿಲ್ಲ, ಮಾಡಲಿಕ್ಕೆ ಇಟ್ಟುಕೊಳ್ಳುತ್ತವೆ. ಇಪ್ಪತ್ತು ಟೀಚರುಗಳಿಗೆ ಮಕ್ಕಳ ಮನಸ್ಸಿನ ಪಾಠ ಹೇಳಲು ಹೊರಟವಳಿಗೆ ಇಷ್ಟು ತಿಳಿಯಲಿಲ್ಲ.

ಆ ಸಂಜೆ ಕಾರ್ಡು ನೋಡಿದೆ. ನಾಲ್ಕೂ ಗುರುತು ಇದ್ದವು. ಶುಕ್ರವಾರ ಬೆಳಿಗ್ಗೆ ಹೊರಡುವಾಗಲೂ ನೋಡಿದೆ. ಮುಂಜಾನೆಯ ಎರಡು ಚೌಕ ತುಂಬಿದ್ದವು. ಅವಳು ಸುಳ್ಳು ಬರೆದಿರಲಿಲ್ಲ. ಏಕಾದಶಿಯ ದಿನ ಮೊಲಕ್ಕೆ ಮಾಡಬೇಕಾದ ಕೆಲಸವೆಂದರೆ ಉಪವಾಸ ಮಾಡಿಸುವುದು, ಅದನ್ನು ಮಾಡಿಸಿದ್ದಳು, ಗುರುತು ಹಾಕಿದ್ದಳು. ದಶಮಿಯ ಸಂಜೆಯೇ ಸೊಪ್ಪು ತೆಗೆದು, ಬಟ್ಟಲು ತೊಳೆದು ಬೋರಲು ಹಾಕಿದ್ದಳು. ಅಲ್ಲಿಂದ ನಾಲ್ಕು ಹೆಜ್ಜೆ ನಡೆದಿದ್ದರೆ ನನಗೆ ಆ ಬೋರಲು ಬಟ್ಟಲು ಕಾಣುತ್ತಿತ್ತು. ನಾನು ಬಸ್ಸು ತಪ್ಪೀತೆಂದು ಹೊರಟೆ.

ಎರಡು ಬಸ್ಸು ಬದಲಿಸಿ ತಾರ್ನಾಕ ಮುಟ್ಟಿದೆ. ಬಾಯಿ ಒಣಗಿತ್ತು, ಆದರೂ ಪಾಠ ಬಲು ಚೆನ್ನಾಗಿ ಆಯಿತು. ಕನ್ನಡದವರು ನಾವು ಮೂವರೇ, ಮಿಕ್ಕವರೆಲ್ಲ ತೆಲುಗು, ಉರ್ದು. ಅರ್ಧ ತೆಲುಗು ಅರ್ಧ ಹಿಂದಿಯಲ್ಲಿ ನನ್ನ ಕಾರ್ಡಿನ ಕತೆ ಹೇಳಿದೆ. ಮಕ್ಕಳಿಗೆ ಜವಾಬ್ದಾರಿ ಕೊಡಿ, ದೂರ ನಿಲ್ಲಿ, ಅವರೇ ಕಲಿಯುತ್ತಾರೆ ಅಂದೆ. ಮಗಳು ಮೊಲಕ್ಕೂ ಏಕಾದಶಿ ಮಾಡಿಸುತ್ತೇನೆ ಅಂದದ್ದನ್ನು ಹೇಳಿ ನಗಿಸಿದೆ ಕೂಡ. ಚಪ್ಪಾಳೆ ಹೊಡೆದರು. ಆ ಚಪ್ಪಾಳೆ ನೆನಪಾದರೆ ಈಗಲೂ ಕಪಾಳಕ್ಕೆ ಬಿದ್ದಂತೆ ಆಗುತ್ತದೆ.

ನಾನು ಮನೆಗೆ ಬಂದಾಗ ಐದು ಗಂಟೆ. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವಷ್ಟು ಬಿಸಿಲು. ವಿಶಾಲಿ ಗೇಟಿನಲ್ಲೇ ಕಾಯುತ್ತಿದ್ದಳು. ತುಟಿಯ ಮೇಲೆ ಬೆರಳಿಟ್ಟುಕೊಂಡು ಹೇಳಿದಳು, "ಅಮ್ಮಾ, ಸಪ್ಪಳ ಮಾಡಬ್ಯಾಡ. ಪುಟಾಣಿ ಧ್ಯಾನ ಮಾಡ್ಲಿಕ್ಕತ್ತದ."

ಹೋಗಿ ನೋಡಿದೆ. ಕಾದ ಸಿಮೆಂಟ್ ಶೀಟಿನ ಕೆಳಗೆ ಪುಟಾಣಿ ಮಗ್ಗುಲಾಗಿ ಬಿದ್ದಿತ್ತು. ಬಾಯಿ ತೆರೆದಿತ್ತು, ಪಕ್ಕೆ ಭರಭರ ಏಳುತ್ತಿತ್ತು, ಕಿವಿ ಮುಟ್ಟಿದರೆ ಬೆಂಕಿ. ಶೇಂಗಾ ಮೂಲೆಯಲ್ಲಿ ಮುದುಡಿ ಕೂತಿತ್ತು. ಪಿಂಜ್ರಾದ ಮುಂದೆ ಬೀಸಣಿಗೆ ಬಿದ್ದಿತ್ತು. ಮಧ್ಯಾಹ್ನವೆಲ್ಲ ಕೂಸು ಅಲ್ಲಿ ಕೂತು ಗಾಳಿ ಬೀಸಿದೆ, ಗೋವಿಂದ ಗೋವಿಂದ ಅಂದಿದೆ, ನೀರು ಮಾತ್ರ ಕೊಟ್ಟಿಲ್ಲ.

ನಾನು ನೀರು ತಂದು ಬಾಯಿಗೆ ಹಿಡಿದೆ, ಕಿವಿಗೆ ಒದ್ದೆ ಬಟ್ಟೆ ಸುತ್ತಿದೆ. ಶೇಂಗಾ ಬಟ್ಟಲಲ್ಲಿ ಮುಖ ಹುದುಗಿಸಿ ಕುಡಿಯಿತು. ಪುಟಾಣಿ ನುಂಗಲಿಲ್ಲ, ನೀರು ಪಕ್ಕಕ್ಕೆ ಹರಿದುಹೋಯಿತು. ಎರಡು ಮನೆ ಆಚೆ ಸೂಗಪ್ಪ ಇದ್ದ. ರಾಯಚೂರು ಕಡೆಯವನು, ಜಾನುವಾರು ದವಾಖಾನೆಯಲ್ಲಿ ಕಾಂಪೌಂಡರ್. ಕೂಗಿದ ಕೂಡಲೇ ಬಂದ. ಮೊಲದ ಹೊಟ್ಟೆ ಒತ್ತಿ ನೋಡಿ, ತಲೆ ಅಲ್ಲಾಡಿಸಿದ.

"ಯಾವಾಗಿಂದ ತಿಂದಿಲ್ರಿ ಇದು?"

"ನಿನ್ನೆ ಸಂಜಿಯಿಂದ" ಅಂದೆ.

"ಮೊಲದ ಹೊಟ್ಟಿ ಸದಾ ನಡದಿರಬೇಕ್ರಿ ಅಕ್ಕಾರ. ಒಂದಿನ ಖಾಲಿ ಬಿಟ್ರ ನಿಂತ ಬಿಡತೈತಿ, ಮ್ಯಾಲ ಈ ಬ್ಯಾಸಗಿ. ನೀರರ ಇದ್ದಿದ್ರ ತಡಕೋತಿತ್ತು. ಭಾಳ ತಡ ಆಗೈತ್ರಿ."

ಅವನ ಮಾತು ಮುಗಿದು ಹತ್ತು ನಿಮಿಷಕ್ಕೆ ನನ್ನ ತೊಡೆಯ ಮೇಲೆ ಪುಟಾಣಿ ಸತ್ತಿತು.

ಅತ್ತೆ ದೇವರ ಕೋಣೆಯಿಂದ ಬಂದರು. ಇಡೀ ದಿನ ಮಡಿಯಲ್ಲಿದ್ದರು, ಪಿಂಜ್ರಾ ಮುಟ್ಟಿದರೆ ಮೈಲಿಗೆ. ಮಧ್ಯಾಹ್ನ ವಿಶಾಲಿ ಹೋಗಿ, ಅಜ್ಜಿ, ಪುಟಾಣಿ ಮಲಗ್ಯದ ಎಂದು ಹೇಳಿದ್ದಳಂತೆ. "ಉಪವಾಸದಾಗ ಹಂಗ ನಿತ್ರಾಣ ಆಗ್ತದವಾ, ಗೋವಿಂದ ಅನ್ನು" ಎಂದು ಹೇಳಿ ಮತ್ತೆ ಪಾರಾಯಣಕ್ಕೆ ಕೂತಿದ್ದರಂತೆ. ಈಗ ಬಂದು, ತುಳಸಿಯ ನೀರು ಬಿಟ್ಟು, ಮೊಮ್ಮಗಳ ಮುಖ ನೋಡಿದರು. ಹುಡುಗಿಯ ಗಲ್ಲ ನಡುಗುತ್ತಿತ್ತು.

"ಅಳಬಾರದು ಕೂಸ. ಏಕಾದಶಿ ದಿನ, ಉಪವಾಸ ಇದ್ದು ಪ್ರಾಣ ಬಿಟ್ಟದ. ಋಷಿಮುನಿಗಳಿಗೆ ಸುದ್ದಾ ಸಿಗಂಗಿಲ್ಲ ಇಂಥಾ ಸಾವು. ನೆಟ್ಟಗ ವೈಕುಂಠಕ್ಕ ಹೋತು ನಿನ್ನ ಪುಟಾಣಿ."

"ಖರೇನಾ?"

"ಖರೇ. ನಿನ್ನಿಂದನ ಹೋತು. ನೀ ಪುಣ್ಯಾತಗಿತ್ತಿ."

ಹುಡುಗಿಯ ಗಲ್ಲ ನಡುಗುವುದು ನಿಂತಿತು. ಮುಖದ ಮೇಲೆ ನಗು ಬಂತು. ಆ ನಗು ನೋಡಿ ನನ್ನ ಮೈ ಉರಿಯಿತು. ನೀರಿಲ್ಲದೆ ಬಾಯಿ ತೆರೆದು ಸತ್ತ ಪ್ರಾಣಿ ನನ್ನ ತೊಡೆಯ ಮೇಲಿದೆ, ನನ್ನ ಮಗಳು ನಗುತ್ತಿದ್ದಾಳೆ.

ಸೂಗಪ್ಪ ನೆಲ ನೋಡುತ್ತ ಎದ್ದುಹೋದ. ಇವರು ಆಫೀಸಿನಿಂದ ಬಂದರು, ನಾನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಎಲ್ಲ ಹೇಳಿದೆ.

"ಈಗ ಏನ್ ಮಾಡೋಣು? ಹೋಗಿದ್ದಂತೂ ಹೋತು. ಕೂಸಿಗೆ ಸಮಾಧಾನ ಆಗ್ಯದಲ್ಲ, ಬಿಡು" ಅಂದರು.

ಬಿಟ್ಟೆ. ನನ್ನ ಗಂಟಲು ಒಣಗಿತ್ತು, ತಲೆ ಸುತ್ತುತ್ತಿತ್ತು, ವಾದಕ್ಕೆ ತ್ರಾಣ ಇರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಮೊಲ ವೈಕುಂಠಕ್ಕೆ ಹೋಗಿದ್ದರೆ ನನ್ನ ಕಾರ್ಡಿನಲ್ಲಿ ತಪ್ಪಿಲ್ಲ. ನೀರಡಿಸಿ ಸತ್ತಿದ್ದರೆ ತಪ್ಪೆಲ್ಲ ನನ್ನದು. ಆರು ವರ್ಷದವಳ ತಲೆಯ ಮೇಲೆ ಎರಡು ಜೀವ ಇಟ್ಟು, ಅದಕ್ಕೆ ಜವಾಬ್ದಾರಿ ಎಂದು ದೊಡ್ಡ ಹೆಸರು ಕೊಟ್ಟು, ನನ್ನ ಹೆಗಲು ಹಗುರ ಮಾಡಿಕೊಂಡವಳು ನಾನು. ವೈಕುಂಠ ನನಗೂ ಬೇಕಾಗಿತ್ತು.

ಸುದ್ದಿ ಕಾಲನಿಯಲ್ಲಿ ಹಬ್ಬಿತು. ಎದುರು ಮನೆಯ ತೆಲುಗಿನವರು ಬಂದು ಏನು ಅದೃಷ್ಟಂ ಅಂದರು. ನಮ್ಮ ಪೈಕಿ ಗಂಗೂಬಾಯಿಯವರು ತಾರ್ನಾಕದ ಮಗಳ ಮನೆಗೆ ಹೊರಟವರು ದಾರಿ ಬಳಸಿಕೊಂಡು ಬಂದು ವಿಶಾಲಿಯ ಗಲ್ಲ ಹಿಂಡಿ, "ಇಂಥಾ ಮಗಳು ಹುಟ್ಟಬೇಕು ನೋಡವಾ" ಎಂದರು. ಮಠದಲ್ಲಿ ಕೂಡ ಯಾರೋ ಕರೆದು ಕೈಗೆ ಹಣ್ಣು ಕೊಟ್ಟರು. ಹುಡುಗಿ ಪ್ರತಿಯೊಬ್ಬರ ಮುಂದೆ ಆ ಕತೆ ಹೇಳಿದಳು. ಹೇಳುತ್ತ ಹೇಳುತ್ತ ಕತೆ ನುಣುಪಾಯಿತು. ತೆರೆದ ಬಾಯಿ, ಭರಭರ ಏಳುತ್ತಿದ್ದ ಪಕ್ಕೆ ಅದರಿಂದ ಬಿದ್ದುಹೋದವು. ನಾನು ಪ್ರತಿಸಲವೂ ಪಕ್ಕದಲ್ಲಿ ನಿಂತು ಸುಮ್ಮನಿದ್ದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ನನ್ನ ಮೌನ ಯಾರಿಗೂ ಕಾಣುವುದಿಲ್ಲ ಅಂದುಕೊಂಡಿದ್ದೆ.

ಜೂನ್ ಬಂತು, ಶಾಲೆ ತೆರೆಯಿತು. ಮುಂದಿನ ದಶಮಿಯ ಸಂಜೆ ನಾನು ಶಾಲೆಯಿಂದ ಬಂದಾಗ ವಿಶಾಲಿ ನಲ್ಲಿಯ ಕೆಳಗೆ ಕೂತು ಮೊಲದ ಬಟ್ಟಲು ತಿಕ್ಕುತ್ತಿದ್ದಳು. ತಿಕ್ಕಿ, ಫ್ರಾಕಿನಿಂದ ಒರೆಸಿ, ಕಟ್ಟೆಯ ಮೇಲೆ ಬೋರಲು ಹಾಕಿದಳು. ಶೇಂಗಾನ ಸೊಪ್ಪನ್ನು ಒಂದು ಎಲೆಯೂ ಬಿಡದೆ ಆರಿಸಿ ತೆಗೆದಿದ್ದಳು.

"ಏನ್ ಮಾಡ್ಲಿಕ್ಕತ್ತಿ ವಿಶಾಲಿ?"

"ನಾಳೆ ಏಕಾದಶಿ ಅಲ್ಲಮ್ಮಾ? ಶೇಂಗಾ ಒಂದ ಆಗ್ಯದ. ಪುಟಾಣಿ ಹೋದಾಗಿಂದ ಮೂಲಿ ಬಿಟ್ಟು ಏಳವಲ್ದು. ನಾಳೆ ಇದನ್ನೂ ಕಳಸ್ತೀನಿ. ಹೋದ ಸಲ ನೀ ಲಗೂ ಬಂದು ನೀರು ಕುಡಿಸಿಬಿಟ್ಟಿ, ಅದಕ್ಕ ಇದು ಉಳೀತು. ಈ ಸಲ ಕುಡಸಬ್ಯಾಡ."

ಇದನ್ನು ಬಲು ಪ್ರೀತಿಯಿಂದ ಹೇಳಿದಳು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅತ್ತೆಯ ಮುಂದೆ ನಾನು ದನಿ ಎತ್ತಿರಲಿಲ್ಲ. ಅವತ್ತು ಎತ್ತಿದೆ. ಬಟ್ಟಲಿಗೆ ನೀರು ತುಂಬಿ ಪಿಂಜ್ರಾದಲ್ಲಿಟ್ಟು, ಮಗಳ ರಟ್ಟೆ ಹಿಡಿದುಕೊಂಡು ಒಳಗೆ ಹೋದೆ. ಅತ್ತೆ ನಡುಮನೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ಇವರು ಪೇಪರು ಓದುತ್ತಿದ್ದರು.

"ಅತ್ಯಾ, ಇಕಿ ನಾಳೆ ಇನ್ನೊಂದು ಮೊಲಾನೂ ಕೊಲ್ಲಾಕಿ ಇದ್ದಾಳ. ನೀವ ಹೇಳ್ರಿ ಇಕಿಗೆ. ವೈಕುಂಠ ಸುಳ್ಳು ಅಂತ ನಿಮ್ಮ ಬಾಯಿಂದನ ಹೇಳ್ರಿ."

"ಸಣ್ಣ ದನೀಲೆ ಮಾತಾಡು ನಲಿನಿ. ಕೂಸಿನ ಮುಂದ ಇದೆಲ್ಲಾ ಬ್ಯಾಡ."

"ಕೂಸಿನ ಮುಂದನ ಆಗ್ಯದರಿ ಎಲ್ಲಾ. ಎಂಟು ವರ್ಷ ಆಗದವರಿಗೆ ಏಕಾದಶಿ ಇಲ್ಲ ಅಂತ ನೀವ ಹೇಳಿದ್ರಿ. ಆ ಮೊಲಕ್ಕ ನಾಕು ತಿಂಗಳು ಆಗಿತ್ತು. ನಿಮ್ಮ ಶಾಸ್ತ್ರದಾಗ ಅದಕ್ಕ ನೀರು ಇರಲಿಲ್ಲೇನು?"

ಇವರು ಪೇಪರು ಕೆಳಗಿಟ್ಟು, "ನಲಿನಿ, ಸಾಕು" ಅಂದರು.

"ನೀವು ಬಿಡು ಅಂದ್ರಿ, ನಾ ಬಿಟ್ಟೆ. ಬಿಟ್ಟಿದ್ದಕ್ಕ ಇಲ್ಲಿಗೆ ಬಂದದ" ಅಂದೆ.

ಅತ್ತೆಯ ಮುಖ ಬಿಗಿಯಿತು. ಬತ್ತಿ ಹೊಸೆಯುವುದನ್ನು ನಿಲ್ಲಿಸದೆ ಹೇಳಿದರು, "ನಿಮ್ಮ ಮಾವನವರು ಹೋದದ್ದು ಏಕಾದಶಿ ದಿನ. ನನಗ ಆಗ ಮೂವತ್ತೆರಡು. ನಾಕು ಮಕ್ಕಳು ಸೆರಗು ಹಿಡಕೊಂಡು ನಿಂತಿದ್ದುವು. ಎಂಥಾ ದಿನ ಹೋದ್ರು ನೋಡು, ಪುಣ್ಯವಂತರು ಅಂದ್ರು ಎಲ್ಲಾರೂ. ಆ ಒಂದ ಮಾತು ಹಿಡಕೊಂಡು ಬದುಕೀನಿ ನಾನು. ಅದನ್ನ ಸುಳ್ಳು ಅನ್ನು ಅಂತೀಯೇನು?"

ಅವರ ಮೇಲಿನ ನನ್ನ ಸಿಟ್ಟಿಗೆ ಅಲ್ಲಿ ಸ್ವಲ್ಪ ಪೆಟ್ಟಾಯಿತು, ಒಪ್ಪುತ್ತೇನೆ. ಆದರೆ ಅಷ್ಟರಲ್ಲಿ ವಿಶಾಲಿ ನನ್ನ ಕೈ ಬಿಡಿಸಿಕೊಂಡು ಅಜ್ಜಿಯ ತೊಡೆಗೆ ಒರಗಿದಳು. ಅಜ್ಜಿಗೆ ಬೇಸರವಾಗಿದೆ ಎಂದು ಅವಳಿಗೆ ಅನ್ನಿಸಿರಬೇಕು.

"ಅಜ್ಜಿ, ನೀ ದಿನಾ ದೇವರಿಗೆ ಕೇಳ್ತೀಯಲ್ಲ, ನನ್ನೂ ಏಕಾದಶಿ ದಿನ ಕರಕೋ ಅಂತ. ನಾ ಇದ್ದೀನಿ. ನಿನಗ ಜಡ್ಡಾಗಿ ಮಲಗಿದಾಗ ನಾನ ನೋಡಕೋತೀನಿ. ಏಕಾದಶಿ ದಿನ ನೀ ಎಷ್ಟು ನೀರು ಕೇಳಿದ್ರೂ ಕೊಡಂಗಿಲ್ಲ."

ಅತ್ತೆಯ ಕೈ ನಿಂತಿತು. ಅರ್ಧ ಹೊಸೆದ ಬತ್ತಿ ಬೆರಳಿನಲ್ಲೇ ಉಳಿಯಿತು. ಅವರು ಮೊಮ್ಮಗಳ ಮುಖವನ್ನು ಬಹಳ ಹೊತ್ತು ನೋಡಿದರು. ಆ ಮುಖದಲ್ಲಿ ಹಾಸ್ಯ ಇರಲಿಲ್ಲ. ಕೊಟ್ಟ ಮಾತನ್ನು ನಡೆಸಿಯೇ ತೀರುವ ಮುಖ ಅದು. ಅದನ್ನು ಹಾಗೆ ತಯಾರು ಮಾಡಿದವಳು ನಾನೇ.

ನಾನು ಮಗಳ ಎದುರು ಕೂತೆ. "ವಿಶಾಲಿ, ನನ್ನ ಕಡೆ ನೋಡು. ಪುಟಾಣಿ ಎಲ್ಲಿಗೂ ಹೋಗಿಲ್ಲ. ನೀರಡಿಸಿ ಸತ್ತದ. ಬಿಸಿಲಿನ್ಯಾಗ ಅದಕ್ಕ ನೀರು ಬೇಕಾಗಿತ್ತು, ಸಿಗಲಿಲ್ಲ, ಭಾಳ ಸಂಕಟ ಪಟ್ಟು ಸತ್ತದ. ಅದು ಧ್ಯಾನ ಅಲ್ಲ."

ಅವಳು ನನ್ನನ್ನು ನಂಬಲಿಲ್ಲ. ಅಜ್ಜಿಯ ಕಡೆ ತಿರುಗಿದಳು. "ಅಜ್ಜಿ, ಖರೇನಾ?"

ಅತ್ತೆ ಕಣ್ಣು ಮುಚ್ಚಿಕೊಂಡರು. "ಖರೇ ಕೂಸ" ಅಂದರು.

"ನಾ ಕೊಂದೆ?"

"ನೀ ಅಲ್ಲ" ಅಂದೆ. "ನೀ ಸಣ್ಣಾಕಿ. ನಿನಗ ಕೆಲಸ ಹಚ್ಚಿ, ಅದು ಆಗ್ಯದೋ ಇಲ್ಲೋ ನಾ ಬಂದು ನೋಡಬೇಕಾಗಿತ್ತು. ನೋಡಲಿಲ್ಲ. ತಪ್ಪು ನಂದು, ಅಜ್ಜೀದು, ನಿಮ್ಮಪ್ಪಂದು."

"ನಿನಗ ಅವತ್ತ ಗೊತ್ತಿತ್ತು?"

ಈ ಪ್ರಶ್ನೆ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. "ಗೊತ್ತಿತ್ತು" ಅಂದೆ.

"ಮತ್ತ ನಾ ಎಲ್ಲಾರ ಮುಂದ ಹೇಳೋ ಮುಂದ ಯಾಕ ಸುಮ್ಮನಿದ್ದಿ?"

ಅವಳು ಎರಡೂ ಕೈಯಿಂದ ನನ್ನ ಎದೆಗೆ ಹೊಡೆದಳು. ಒಂದಲ್ಲ, ಎರಡಲ್ಲ, ಕೈ ಸೋಲುವವರೆಗೆ ಹೊಡೆದಳು. ಇವರು ಬಿಡಿಸಲು ಬಂದರು, ನಾನು ಬೇಡವೆಂದು ಕೈ ಮಾಡಿದೆ. ಆ ಸಿಟ್ಟು ನ್ಯಾಯವಾದದ್ದು. ಹದಿನೈದು ದಿನದಲ್ಲಿ ನಮ್ಮ ಮನೆಯಲ್ಲಿ ಹುಟ್ಟಿದ ಒಂದೇ ಒಂದು ಸರಿಯಾದ ವಸ್ತು ಅದು. ಹೊಡೆದು ಮುಗಿಸಿ ಹಿಂದಿನ ಜಗಲಿಗೆ ಹೋಗಿ ಪಿಂಜ್ರಾದ ಮುಂದೆ ಕೂತಳು. ಶೇಂಗಾ ನೀರು ಕುಡಿಯುವವರೆಗೂ ಅಲ್ಲಿಂದ ಏಳಲಿಲ್ಲ. ಊಟಕ್ಕೆ ಅವಳಪ್ಪ ಕರೆದರೆ ಬಂದಳು, ನಾನು ಬಡಿಸಿದ್ದನ್ನು ತಿಂದು ಅಪ್ಪನ ಪಕ್ಕದಲ್ಲಿ ಮಲಗಿದಳು.

ಮರುದಿನ ಏಕಾದಶಿ. ಬೆಳಿಗ್ಗೆ ನಾನು ಎದ್ದು ಮೊದಲು ಪಿಂಜ್ರಾಕ್ಕೆ ಹೋದೆ. ಬಾಗಿಲು ತೆರೆದಿತ್ತು, ಮೊಲ ಇರಲಿಲ್ಲ. ಗೇಟಿನ ಹೊರಗೆ ನೋಡಿದರೆ ವಿಶಾಲಿ ಶೇಂಗಾನನ್ನು ಎದೆಗೆ ಅವಚಿಕೊಂಡು, ಇನ್ನೊಂದು ಕೈಯಲ್ಲಿ ಬಟ್ಟಲು ಹಿಡಿದು ನಡೆಯುತ್ತಿದ್ದಳು. ನಾನು ಹಿಂದೆ ಓಡಿದೆ.

"ಎಲ್ಲಿಗೆ ಹೊಂಟಿ?"

"ಸೂಗಪ್ಪ ಮಾಮಾರ ಮನಿಗೆ. ಅವರ ಮನ್ಯಾಗ ಏಕಾದಶಿ ಇಲ್ಲ. ಶೇಂಗಾ ಅಲ್ಲೇ ಇರಲಿ."

"ನಮ್ಮ ಮನ್ಯಾಗ ಇನ್ನ ಹಂಗ ಆಗಂಗಿಲ್ಲ ಕೂಸ. ನಾ ದಿನಾ ನೋಡ್ತೀನಿ" ಅಂದೆ.

ಅವಳು ನಿಲ್ಲಲಿಲ್ಲ. ನಾನು ಎತ್ತಿಕೊಂಡು ವಾಪಸು ತರಬಹುದಿತ್ತು. ಯಾವ ಮುಖ ಇಟ್ಟುಕೊಂಡು ತರಲಿ? ಸುಮ್ಮನೆ ಹಿಂದೆ ಹೋದೆ.

ಸೂಗಪ್ಪ ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದ. ಅವನ ಹೆಂಡತಿ ಶಿವದೇವಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ವಿಶಾಲಿ ಮೆಟ್ಟಿಲ ಕೆಳಗೆ ನಿಂತು ತಾನು ಬಂದ ಕೆಲಸ ಹೇಳಿದಳು. ಅವನು ಬಾಯಿ ಮುಕ್ಕಳಿಸಿ, ನನ್ನ ಕಡೆ ಒಮ್ಮೆ ನೋಡಿ, ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ಇಟ್ಕೋತೀನವಾ. ನೀ ದಿನಾ ಬಂದು ಆಡಿಸಿಕೊಂಡು ಹೋಗು."

ಅವಳು ಮೊಲವನ್ನು ಕೊಡಲಿಲ್ಲ. "ನೀವು ದವಾಖಾನಿಗೆ ಹೋದಾಗ ನೀರು ಯಾರು ಹಾಕ್ತಾರ?"

"ನಿಮ್ಮ ಶಿವದೇವಿ ಅತ್ತಿ ಮನ್ಯಾಗ ಇರತಾಳ."

"ಊರಿಗೆ ಹೋದ್ರ?"

"ಜೋಡಿ ಒಯ್ತೀವಿ. ಇಲ್ಲಾ, ದವಾಖಾನ್ಯಾಗ ಇಟ್ಟು ಹೋಗತೀನಿ."

"ಹಾಕ್ಯಾರ ಅಂತ ನೀವು ಕಣ್ಣಲೆ ನೋಡ್ತೀರೇನು? ಕೇಳಿ ಬಿಡಬಾರದು."

"ಕಣ್ಣಲೇ ನೋಡತೀನಿ."

ಅವಳು ಶೇಂಗಾನ ಕಿವಿ ಸವರಿದಳು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಶಿವದೇವಿಯೂ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಿದ್ದಳು.

"ಸತ್ತರ ಖರೇ ಹೇಳ್ತೀರೇನು?"

ಸೂಗಪ್ಪ ಈ ಸಲ ನನ್ನ ಕಡೆ ನೋಡಲಿಲ್ಲ. "ಹೇಳತೀನವಾ" ಅಂದ. ಆಗ ಅವಳು ಶೇಂಗಾನನ್ನು ಅವನ ಕೈಗೆ ಕೊಟ್ಟಳು.